ಒಣಗಬೇಕಿದ್ದ ಮಡಿಗಳು

ಭಾವನಾ ಭತ್ತದ ಪೈರಿನ ಮೇಲೆ ಪ್ಲಾಸ್ಟಿಕ್ ಡಬ್ಬ ಕವುಚಿ, ಅದರ ನೆತ್ತಿಯ ರಬ್ಬರ್ ಬಿರಡೆಗೆ ಸಿರಿಂಜು ಚುಚ್ಚಿ ಒಳಗಿನ ಗಾಳಿಯನ್ನು ಎಳೆದುಕೊಳ್ಳುವುದನ್ನು ಚುಂಚನಕಟ್ಟೆಯ ಜನ ಮೊದಮೊದಲು ನಿಂತು ನೋಡುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ನಾಲೆ ನೀರು ಹಂಚುವ ನೀರುಗಂಟಿ ಸಿದ್ದರಾಜು ಮಾತ್ರ ಪ್ರತಿ ಸಲವೂ ಬೈಕು ನಿಲ್ಲಿಸಿ ವಿಚಾರಿಸುತ್ತಿದ್ದ.

“ಏನ್ ಡಾಕ್ಟ್ರಮ್ಮ, ಪೈರಿಗೆ ಜ್ವರ ಬುಡ್ತಾ?”

“ಜ್ವರ ಇಲ್ಲ ಕಣಣ್ಣ. ಉಸಿರು ಅಳೀತಿದ್ದೀನಿ.”

“ನಮ್ಮತ್ತೇದೂ ಒಂದ್ಸಲ ಅಳೆದುಬುಡಿ. ಮಾತ್ಗೆ ಕುಂತ್ರೆ ಉಸ್ರೇ ತಗೊಳಲ್ಲ ಅವಮ್ಮ.”

ಭಾವನಾ ನಕ್ಕು ಮುಂದಿನ ಡಬ್ಬದ ಕಡೆ ಹೋಗುತ್ತಿದ್ದಳು. ಅವಳು ಹುಣಸೂರು ಕಡೆಯ ಗುರುಪುರದವಳು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹುಣಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮೈಸೂರಿನಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮಾಡಿ, ಅಲ್ಲೇ ಪಿಎಚ್.ಡಿ.ಗೆ ಸೇರಿದ್ದಳು. ಕೆಲಸದಲ್ಲಿ ನಿಧಾನ. ಸೀಸೆಗೆ ಚೀಟಿ ಅಂಟಿಸಿದ ಮೇಲೆ ಅದನ್ನು ಇನ್ನೊಮ್ಮೆ ಓದದೆ ಪೆಟ್ಟಿಗೆಗೆ ಇಡುತ್ತಿರಲಿಲ್ಲ.

ಅವಳ ಸಂಶೋಧನೆಯನ್ನು ಸುಲಭವಾಗಿಯೇ ಹೇಳಬಹುದು. ಗದ್ದೆಯಲ್ಲಿ ಸದಾ ನೀರು ನಿಂತಿದ್ದರೆ ಕೆಸರಿನೊಳಗೆ ಮೀಥೇನ್ ಎಂಬ ಅನಿಲ ಹುಟ್ಟಿ ಮೇಲೆ ಬರುತ್ತದೆ. ಅದು ಭೂಮಿಯ ಶಾಖವನ್ನು ಹೆಚ್ಚಿಸುವ ಅನಿಲ. ನಡುನಡುವೆ ನೀರು ನಿಲ್ಲಿಸಿ ಮಣ್ಣನ್ನು ಒಣಗಿಸಿದರೆ ಅದು ಕಡಿಮೆಯಾಗುತ್ತದೆ ಎಂದು ಬೇರೆ ಕಡೆಗಳಲ್ಲಿ ಗೊತ್ತಾಗಿತ್ತು. ಕಾವೇರಿ ನಾಲೆಯ ಕೆಳಗಿನ ಈ ಜಿಗುಟು ಮಣ್ಣಿನಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಅವಳ ಪ್ರಶ್ನೆ. ತಾಯಿಯ ಅಣ್ಣ ಕಂಠಪ್ಪ ತಮ್ಮ ಗದ್ದೆಯ ಒಂದು ಮೂಲೆಯನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿ ಕೆಲವು ಮಡಿಗಳಲ್ಲಿ ಸದಾ ನೀರಿರಬೇಕು. ಉಳಿದವು ಬಿರುಕು ಬಿಡುವವರೆಗೆ ಒಣಗಬೇಕು. ಅವಳು ಪ್ರತಿ ಗುರುವಾರ ಬಂದು ಎರಡರ ಗಾಳಿಯನ್ನೂ ಸೀಸೆಗಳಿಗೆ ತುಂಬಿಕೊಂಡು ಮೈಸೂರಿನ ಬಸ್ಸು ಹತ್ತುತ್ತಿದ್ದಳು. ಅನಿಲ ಅಳೆಯುವ ಯಂತ್ರ ಅಲ್ಲಿಯ ಪ್ರಯೋಗಾಲಯದಲ್ಲಿತ್ತು.

ಮೊದಲ ಮುಂಗಾರಿನಲ್ಲಿ ಎರಡೂ ಬಗೆಯ ಮಡಿಗಳ ಅಂಕಿ ಹೆಚ್ಚುಕಡಿಮೆ ಒಂದೇ ಬಂತು. ಒಣಗಬೇಕಾದ ಮಡಿಗಳು ಬಿರುಕು ಬಿಟ್ಟದ್ದನ್ನು ಭಾವನಾ ನೋಡಿರಲೇ ಇಲ್ಲ. ಜಿಗುಟು ಮಣ್ಣು, ನೀರನ್ನು ಹಿಡಿದಿಟ್ಟುಕೊಳ್ಳುತ್ತಿರಬೇಕು ಎಂದುಕೊಂಡಳು. ಮಾರ್ಗದರ್ಶಕರಾದ ಶಾಂತಲಾ ಮೇಡಂ ಮೊದಲು ಯಂತ್ರವನ್ನು ಅನುಮಾನಿಸಿದರು, ಆಮೇಲೆ ಭಾವನಾಳನ್ನು. ಎರಡರಲ್ಲೂ ತಪ್ಪು ಸಿಗದಿದ್ದಾಗ ಅವರಿಗೆ ಉತ್ಸಾಹ ಬಂತು.

“ಈ ಮಣ್ಣಲ್ಲಿ ಒಣಗಿಸಿದರೂ ಪ್ರಯೋಜನವಿಲ್ಲ ಅಂತ ಯಾರೂ ಹೇಳಿಲ್ಲ. ನಾವು ಹೇಳೋಣ, ಬರಿ.”

ಭಾವನಾ ಲೇಖನ ಬರೆದಳು. ಎರಡನೆಯ ಮುಂಗಾರಿನ ನಡುವೆ ಪತ್ರಿಕೆಯೊಂದು ಅದನ್ನು ಒಪ್ಪಿಕೊಂಡಿತು. ಪ್ರಬಂಧ ಒಪ್ಪಿಸಲು ಅಂಥದೊಂದು ಲೇಖನ ಬೇಕಿತ್ತು. ಅವಳ ನೋಂದಣಿಯ ಅವಧಿಯೂ ಮುಗಿಯುತ್ತ ಬಂದಿತ್ತು.

ಆ ವಾರ ಬುಧವಾರದಿಂದ ಯಂತ್ರ ರಿಪೇರಿಗೆ ಹೋಗುವುದಿತ್ತು. ಹಾಗಾಗಿ ಭಾವನಾ ಮಂಗಳವಾರವೇ ಬಂದಳು, ಮಾವನ ಮನೆಗೆ ಫೋನು ಮಾಡಿರಲಿಲ್ಲ. ಗದ್ದೆಯಲ್ಲಿ ಕಂಠಪ್ಪ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ನಿಂತಿದ್ದರು. ಒಣಗಬೇಕಿದ್ದ ಮಡಿಗಳಿಗೆಲ್ಲ ಬದು ಕಡಿದು ನೀರು ಬಿಟ್ಟಿದ್ದರು. ಪೈರಿನ ಬುಡ ಮುಳುಗಿತ್ತು.

ಅವರು ಗಾಬರಿಯಾಗಲಿಲ್ಲ. “ಇದೇನವ್ವ ಇವತ್ತೇ ಬಂದ್ಬುಟ್ಟೆ? ನಾಳೆ ಬೈಗೊತ್ಗೆ ಬಸಿದುಬುಡ್ತಿದ್ದೆ.”

“ಮಾವ, ಇದಕ್ಕೆ ನೀರು ಬಿಡಬಾರದು ಅಂದಿದ್ದೆ ಅಲ್ವಾ?”

“ಅಂದಿದ್ದೆ ಕಣವ್ವ. ಅದ್ಕೇ ನೀನು ಬರೋ ಒತ್ಗೆ ಬಸೀತಿದ್ದೆ.”

“ಯಾವಾಗಿಂದ?”

“ಓದ್ ವರ್ಸದಿಂದ್ಲೂವೆ. ಪೈರು ಒಣಗೋದ್ರೆ ನಿನ್ ಡಾಕ್ಟ್ರೇಟು ಕೊಡ್ತಾರಾ? ಬೆಳೆ ನೋಡಿ ತಾನೆ ಪಾಸ್ ಮಾಡೋದು? ನಮ್ಮ ಗದ್ದೇಲಿ ಮಾಡಿ ಉಡುಗಿ ಫೇಲಾದ್ಲು ಅನ್ನುಸ್ಕೊಬೇಕಾ ನಾನು?”

ಭಾವನಾ ಬದುವಿನ ಮೇಲೆ ಕುಳಿತಳು. ನೀರನ್ನು ಏನು ಮಾಡಬೇಕೆಂದು ಅವಳು ಮಾವನಿಗೆ ಹತ್ತಾರು ಸಲ ಹೇಳಿದ್ದಳು. ತನಗೆ ಇರುವ ಪರೀಕ್ಷೆ ಏನೆಂದು ಒಮ್ಮೆಯೂ ಹೇಳಿರಲಿಲ್ಲ.

ಮನೆಯಲ್ಲಿ ಅತ್ತೆ ಸುಂದ್ರಮ್ಮ ಊಟಕ್ಕಿಟ್ಟರು. ವಿಷಯ ತಿಳಿದ ಮೇಲೆ ಗಂಡನ ಕಡೆ ತಿರುಗಿದರು. “ಮಗಾ ಓದಿರೋದು. ಅದು ಏಳ್ದಂಗೆ ಕೇಳಕೇನು ನಿಮ್ಗೆ?”

“ನೀನೇ ಅಲ್ವಾ, ಭೂಮ್ತಾಯಿ ಬಾಯಾರಿ ನಿಂತವ್ಳೆ ನೋಡಕಾಗಕ್ಕಿಲ್ಲ ಅಂದವಳು?”

“ಅಂದೆ. ನಾನು ಏಳಿದ್ದೆಲ್ಲ ಕೇಳ್ತೀರಾ ನೀವು? ಚಿನ್ನದ್ ಸರ ಕೇಳಿ ಎಷ್ಟೊರ್ಸಾಯ್ತು?”

ಭಾವನಾಳಿಗೆ ನಗು ಬರಲಿಲ್ಲ. ಕಂಠಪ್ಪ ಅವಳ ಮುಖ ನೋಡಿ ದನಿ ತಗ್ಗಿಸಿದರು. “ಯಾರ್ಗೂ ಗೊತ್ತಿಲ್ವಲ್ಲ ಬುಡವ್ವ. ನಾವಂತೂ ಬಾಯ್ ಬುಡಕ್ಕಿಲ್ಲ. ನೀರುಗಂಟಿಗೂ ಏಳ್ತೀನಿ.”

ಅದು ನಿಜವೇ. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲೇಖನ ಅಚ್ಚಾಗುತ್ತಿತ್ತು, ಪ್ರಬಂಧ ಒಪ್ಪಿಸಬಹುದಿತ್ತು. ಕೆ.ಆರ್. ನಗರದಲ್ಲಿ ಬಸ್ಸು ಬದಲಿಸುವಾಗ ಅವಳು ಇದನ್ನೇ ಯೋಚಿಸುತ್ತಿದ್ದಳು. ಆ ದಿನದ ಸೀಸೆಗಳು ಪೆಟ್ಟಿಗೆಯಲ್ಲಿ ಖಾಲಿ ಇದ್ದವು. ಆದರೆ ಆ ಲೇಖನವನ್ನು ನಂಬಿ ಇಲ್ಲಿಯ ಮಣ್ಣನ್ನು ಒಣಗಿಸುವುದು ದಂಡವೆಂದು ಯಾರಾದರೂ ತೀರ್ಮಾನಿಸಿದರೆ? ಮೈಸೂರು ಬರುವವರೆಗೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಮರುದಿನ ಅವಳು ಶಾಂತಲಾ ಮೇಡಂ ಕೋಣೆಗೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಲೇಖನ ಒಪ್ಪಿಗೆಯಾಗಿದೆ, ಭಾವನಾ.”

“ಗೊತ್ತು ಮೇಡಂ.”

“ಎರಡೂ ವರ್ಷದ್ದು ಹೋಗುತ್ತೆ.”

“ಹೂಂ ಮೇಡಂ.”

“ನೀನು ಗುರುವಾರವೇ ಹೋಗಿದ್ದರೆ?” ಎಂದವರು ಉತ್ತರಕ್ಕೆ ಕಾಯಲಿಲ್ಲ. ಕಂಪ್ಯೂಟರ್ ತೆರೆದು, ಲೇಖನವನ್ನು ವಾಪಸು ಪಡೆಯುತ್ತೇವೆಂದು ಪತ್ರಿಕೆಗೆ ಬರೆಯತೊಡಗಿದರು. ಎರಡು ಸಾಲು ಬರೆದು, ಉಳಿದದ್ದನ್ನು ಅವಳಿಗೇ ಬರೆಯಲು ಹೇಳಿ ಪಾಠಕ್ಕೆ ಎದ್ದು ಹೋದರು. ನೋಂದಣಿಯ ಅವಧಿ ಒಂದು ವರ್ಷ ಮುಂದಕ್ಕೆ ಹೋಯಿತು. ಅದರ ಆಚೆಗೆ ಅವಕಾಶವಿಲ್ಲ ಎಂದು ಕಚೇರಿಯವರು ಹೇಳಿದರು.

ಮುಂದಿನ ಸಲ ಬೇರೆ ಯಾರದಾದರೂ ಗದ್ದೆ ನೋಡು ಎಂದರು ಮೇಡಂ. ಭಾವನಾ ಒಪ್ಪಲಿಲ್ಲ. ನಾಟಿಗೆ ಮೊದಲು ಚುಂಚನಕಟ್ಟೆಗೆ ಹೋಗಿ ಮಾವನ ಎದುರು ಕುಳಿತಳು.

“ಮಾವ, ಬೆಳೆ ಕಮ್ಮಿ ಬಂದ್ರೆ ಕಮ್ಮಿ ಅಂತ ಬರೀತೀನಿ, ಪೂರ್ತಿ ಹೋದ್ರೆ ಹೋಯ್ತು ಅಂತ ಬರೀತೀನಿ. ಆಗ್ಲೂ ಪಾಸ್ ಮಾಡ್ತಾರೆ.”

“ಬೆಳೆ ಹೋದ್ರೂವೆ?”

“ಹೋದ್ರೂವೆ.”

ಕಂಠಪ್ಪನಿಗೆ ಅದು ವಿಚಿತ್ರವಾಗಿ ಕಂಡಿತು. “ಎಂಥಾ ಓದೋ ಏನೋ. ಇದ್ನ ಮೊದ್ಲೇ ಏಳ್ಬಾರ್ದಾ?” ಎಂದರು.

ಆ ಮುಂಗಾರಿನಲ್ಲಿ ಮಳೆ ಬಿಡುವು ಕೊಟ್ಟಾಗ ಮಡಿಗಳು ಮೊದಲ ಸಲ ಬಿರುಕು ಬಿಟ್ಟವು. ಪಕ್ಕದ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಕಂಠಪ್ಪ ಆ ಮಡಿಗಳ ಬದುವಿನ ಮೇಲೆ ನಡೆಯುವುದನ್ನೇ ಬಿಟ್ಟು, ಸುತ್ತು ಹಾಕಿ ಗದ್ದೆಗೆ ಹೋಗತೊಡಗಿದರು. ಒಣಗಿದ ಮಡಿಗಳ ಮೀಥೇನ್ ಅರ್ಧಕ್ಕಿಂತ ಕೆಳಗಿಳಿಯಿತು. ಇಳುವರಿ ಅಷ್ಟೇನೂ ತಗ್ಗಲಿಲ್ಲ.

“ಎಲ್ಲರಿಗೂ ಬಂದದ್ದೇ ನಿನಗೂ ಬಂದಿದೆ,” ಎಂದರು ಶಾಂತಲಾ ಮೇಡಂ. ಹೊಸ ಮಾತೇನೂ ಇಲ್ಲದ ಆ ಫಲಿತಾಂಶವನ್ನು ಇಟ್ಟುಕೊಂಡು ಭಾವನಾ ಪ್ರಬಂಧವನ್ನು ಮೊದಲ ಪುಟದಿಂದ ಬರೆಯಲು ಕುಳಿತಳು.