ತಾತಂದಲ್ಲ, ನಿಮ್ಮ ಹೆಸರು ಹೇಳಿ

ಬೆಳಗಿನ ಐದೂವರೆ. ಗೌನಿಪಲ್ಲಿಯ ತಗಡಿನ ಶೆಡ್ಡಿನಲ್ಲಿ ಆಗಲೇ ತೂಕ ಶುರುವಾಗಿದೆ. ತೋತಾಪುರಿ ಮಾವು ತುಂಬಿದ ಕ್ರೇಟುಗಳು ಟ್ರ್ಯಾಕ್ಟರಿನಿಂದ ಇಳಿಯುತ್ತಿವೆ. ತೂಕದ ಯಂತ್ರದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ದಪ್ಪ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಹೆಂಗಸನ್ನು ಹೊಸಬರು ಮಂಡಿಯ ಗುಮಾಸ್ತೆ ಎಂದುಕೊಂಡರೆ ಅವರ ತಪ್ಪಲ್ಲ.

"ಹೆಸರು?"

"ಬರ್ಕೊಳ್ಳಿ ಮೇಡಂ, ದೊಡ್ಡ ಮುನಿಶಾಮಪ್ಪ," ಎನ್ನುತ್ತಾರೆ ಸಾಲಿನಲ್ಲಿದ್ದ ಮುನಿರಾಮಪ್ಪ.

"ಅದು ತಾತಂದು. ನಿಮ್ದು ಹೇಳಿ."

ಮುನಿರಾಮಪ್ಪ ತಲೆ ಕೆರೆದುಕೊಳ್ಳುತ್ತಾರೆ. ತಾತ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿದೆ.

ಈ ಮೇಡಂ ಡಾ. ತರನ್ನುಮ್. ವಯಸ್ಸು ಐವತ್ತನಾಲ್ಕು. ಕೋಲಾರದ ಕಾನೂನು ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕಂಪನಿ ತೆರಿಗೆಯ ಪಾಠ ಮಾಡುತ್ತಿದ್ದಾರೆ. ಮಾವಿನ ಸುಗ್ಗಿಯಲ್ಲಿ ವಾರಕ್ಕೆ ಮೂರು ದಿನ ಇಲ್ಲಿ ಕೂರುತ್ತಾರೆ. ಎಂಟಕ್ಕೆ ಎದ್ದು ಎರಡು ಬಸ್ಸು ಬದಲಿಸಿದರೆ ಹತ್ತರ ಕ್ಲಾಸಿಗೆ ಸರಿಯಾಗುತ್ತದೆ. ಸಂಬಳ ಕಾಲೇಜಿನದು, ಇಲ್ಲಿ ಸಿಗುವುದು ಟೀ ಮಾತ್ರ.

ಹುಟ್ಟೂರು ಮುಳಬಾಗಿಲು. ತಂದೆ ರಹಮತ್ತುಲ್ಲಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮಗಳು ಲಾಯರಾಗಿ ಕೋರ್ಟಿನಲ್ಲಿ ವಾದ ಮಾಡುತ್ತಾಳೆಂದು ಅವರು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಮಗಳು ಹಿಡಿದದ್ದು ಮಾತ್ರ ಯಾರೂ ಹಿಡಿಯದ ವಿಷಯ. "ನಮ್ಮ ಕಡೆ ಕಂಪನಿ ಎಲ್ಲಿದೆ ಮೇಡಂ, ಜಮೀನು ಕೇಸ್ ಹೇಳ್ಕೊಡಿ ಅಂತಾರೆ ಹುಡುಗ್ರು. ಒಂದು ವರ್ಷ ನನ್ನ ಕ್ಲಾಸಲ್ಲಿ ಇದ್ದೋರು ಇಬ್ರೇ. ಅದ್ರಲ್ಲಿ ಒಬ್ನು ಫ್ಯಾನ್ ಚೆನ್ನಾಗಿ ತಿರುಗುತ್ತೆ ಅಂತ ಬರ್ತಿದ್ದ," ಎಂದು ತರನ್ನುಮ್ ನಗುತ್ತಾರೆ. ಏಳು ವರ್ಷ ಬೆವರು ಸುರಿಸಿ ಬರೆದ ಪಿಎಚ್‌.ಡಿ. ಪ್ರಬಂಧವನ್ನು ಕಾಲೇಜಿನ ಲೈಬ್ರರಿಯಿಂದ ಇದುವರೆಗೆ ಒಬ್ಬರೂ ಪಡೆದುಕೊಂಡಿಲ್ಲ.

ಆರು ವರ್ಷದ ಹಿಂದೆ ಕೊನೆಗೂ ಒಂದು ಕಂಪನಿ ಅವರನ್ನು ಹುಡುಕಿಕೊಂಡು ಬಂತು. ಗೌನಿಪಲ್ಲಿಯ ರೈತ ಗಂಗುಲಪ್ಪ ಮತ್ತು ನಾನೂರು ಮಾವು ಬೆಳೆಗಾರರು ಸೇರಿ ಕಟ್ಟಲು ಹೊರಟ ಕಂಪನಿ; ಈ ಶೆಡ್ಡು ಅದರದೇ. ನಿಯಮಗಳನ್ನೆಲ್ಲ ತರನ್ನುಮ್ ಅವರೇ ಸಂತೋಷದಿಂದ ಬರೆದುಕೊಟ್ಟರು. ಸದಸ್ಯರ ಪಟ್ಟಿ ಹೇಗೆ ಮಾಡೋದು ಎಂದು ಗಂಗುಲಪ್ಪ ಕೇಳಿದಾಗ, ಪಹಣಿಯಲ್ಲಿ ಇರುವ ಹೆಸರನ್ನೇ ಬರೆಯಿರಿ ಎಂದುಬಿಟ್ಟರು.

ತಪ್ಪಾದದ್ದು ಅಲ್ಲೇ. ಈ ಕಡೆಯ ಮಾವಿನ ತೋಪುಗಳಲ್ಲಿ ಗಿಡ ನೆಟ್ಟವರು ಸತ್ತರೂ ಪಹಣಿಯಿಂದ ಅವರ ಹೆಸರು ಅಲ್ಲಾಡುವುದಿಲ್ಲ. ತೆಗೆಸಿದರೆ ಹಿರಿಯರನ್ನು ತೋಪಿನಿಂದ ಆಚೆಗೆ ಕಳಿಸಿದಂತೆ ಎಂಬ ಭಾವನೆ. ಹೀಗಾಗಿ ಕಂಪನಿಯ ಸದಸ್ಯರಲ್ಲಿ ಅರವತ್ತಮೂರು ಮಂದಿ ಕಂಪನಿ ಹುಟ್ಟುವ ಮೊದಲೇ ತೀರಿಕೊಂಡವರು. ಪುಸ್ತಕದಲ್ಲಿ ಷೇರು ಅವರದು, ರಸೀದಿ ಅವರದು, ತೂಕದ ಹೊತ್ತಿಗೆ ಕೂಗುವ ಹೆಸರೂ ಅವರದೇ.

ಎರಡು ವರ್ಷದ ಹಿಂದೆ ತೆರಿಗೆ ನೋಟಿಸು ಬಂತು. ಸದಸ್ಯರು ತಾವೇ ಬೆಳೆದ ಹಣ್ಣು ಮಾರಿದ ಲಾಭಕ್ಕೆ ಮಾತ್ರ ರಿಯಾಯಿತಿ, ಸತ್ತವರು ಹಣ್ಣು ಬೆಳೆದದ್ದು ಹೇಗೆ ಎಂಬ ಪ್ರಶ್ನೆ ಅದರಲ್ಲಿತ್ತು. ರಿಯಾಯಿತಿ ತಪ್ಪಿದರೆ ಕಂಪನಿಗೆ ಬೀಗ. "ಊಟ ಸೇರ್ತಿರ್ಲಿಲ್ಲ. ತೆರಿಗೆ ಕಾನೂನು ಅರೆದು ಕುಡಿದಿದ್ದೆ, ಇವ್ರ ತೋಪಿನ ಪದ್ಧತಿ ಒಂದು ಮಾತು ಕೇಳಿರ್ಲಿಲ್ಲ. ನಾಕು ನೂರು ಮನೆ ಮುಳುಗಿಸ್ಬಿಟ್ನಲ್ಲ ಅನ್ನಿಸ್ತಿತ್ತು," ಎಂದು ಹೇಳುವಾಗ ಅವರ ದನಿ ಈಗಲೂ ಇಳಿಯುತ್ತದೆ.

ಅಂದಿನಿಂದ ರಜೆ, ಭಾನುವಾರ ಎಂಬುದಿಲ್ಲದೆ ಮನೆಮನೆ ತಿರುಗಿದರು. ಅರವತ್ತಮೂರು ವಂಶವೃಕ್ಷ, ಅರವತ್ತಮೂರು ಮರಣ ಪತ್ರ, ಹಣ್ಣಿನ ದುಡ್ಡು ಬದುಕಿರುವವರ ಬ್ಯಾಂಕಿಗೇ ಹೋಗಿದೆ ಎನ್ನುವುದಕ್ಕೆ ಪಾಸ್‌ಬುಕ್ಕು. ಮೇಷ್ಟರ ಕೆಲಸದಲ್ಲಿ ಇರುವವರು ವಕಾಲತ್ತು ಹಾಕುವಂತಿಲ್ಲವಾದ್ದರಿಂದ ಉತ್ತರವನ್ನೆಲ್ಲ ಬರೆದು ಆಡಿಟರ್ ಉಮಾಶಂಕರ್ ಕೈಗೆ ಕೊಟ್ಟರು. ನೂರಾ ಎಂಬತ್ತು ಪುಟಗಳಲ್ಲಿ ತರನ್ನುಮ್ ಎಂಬ ಹೆಸರು ಎಲ್ಲೂ ಇಲ್ಲ. "ವಿಚಾರಣೆ ವಿಡಿಯೋದಲ್ಲಿ ನಡೀತು, ಮಾತಾಡಿದ್ದು ನಾನು. ನನ್ನ ಬಾಯಲ್ಲಿ ಇದ್ದಿದ್ದೆಲ್ಲ ಮೇಡಂದು," ಎಂದು ಉಮಾಶಂಕರ್ ಒಪ್ಪಿಕೊಳ್ಳುತ್ತಾರೆ.

ಕಳೆದ ಜನವರಿಯಲ್ಲಿ ಆದೇಶ ಬಂತು. ಹಣ್ಣು ಬೆಳೆದವರು, ಷೇರಿಗೆ ದುಡ್ಡು ಕಟ್ಟಿದವರು ಈ ಮನೆಗಳವರೇ, ರಿಯಾಯಿತಿ ಸಲ್ಲುತ್ತದೆ, ಪಟ್ಟಿ ತಿದ್ದಿಕೊಳ್ಳಿ. ಫೋನಿನಲ್ಲಿ ಸುದ್ದಿ ಕೇಳಿದ ತರನ್ನುಮ್ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕುಳಿತು ಅತ್ತರು. ಅಂದು ಮಧ್ಯಾಹ್ನ ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಮಲಗಿದವರು ಎದ್ದದ್ದು ಸಂಜೆ ಮಗ್ರಿಬ್ ಆಜಾನ್ ಕೂಗಿದಾಗ.

ಆದರೂ ಮನಸ್ಸು ತಡೆಯಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು, ತಪ್ಪು ನಿಮ್ಮದಲ್ಲ, ನಾನು ಹೇಳಿಕೊಟ್ಟದ್ದು ಎಂದರು. ಮುಂದೆ ಕುಳಿತಿದ್ದ ಎಪ್ಪತ್ತರ ಅಂಜಮ್ಮ ಮಾತೆತ್ತಿದರು. ಅವರ ಗಂಡನ ಹೆಸರೂ ಆ ಅರವತ್ತಮೂರರಲ್ಲಿ ಒಂದು.

"ಅಯ್ಯೋ ಬಿಡಮ್ಮಾ. ಇಷ್ಟು ವರ್ಷ ಸುಗ್ಗಿ ಬಂದ್ರೆ ನಮ್ಮ ಯಜಮಾನ್ರ ಹೆಸ್ರು ಇಲ್ಲಿ ಜೋರಾಗಿ ಕೂಗ್ತಿದ್ರಿ. ಕೇಳಾಕೆ ಹಿತವಾಗಿತ್ತು. ಪರ್ವಾಗಿಲ್ಲ, ಇನ್ಮೇಲೆ ನಂದು ಕೂಗಿ."

ಬಸ್ಸಿಗೆ ಹೊತ್ತಾಗಿದೆ. ರಿಜಿಸ್ಟರನ್ನು ಗಂಗುಲಪ್ಪನವರ ಕೈಗಿಟ್ಟು ಏಳುತ್ತಿರುವ ತರನ್ನುಮ್ ಅವರನ್ನು ಇನ್ನೇನು ಆಸೆ ಇದೆ ಎಂದು ಕೇಳಿದರೆ, ಬಡ್ತಿಯ ಮಾತಾಗಲಿ ಪ್ರಶಸ್ತಿಯ ಮಾತಾಗಲಿ ಬರುವುದಿಲ್ಲ.

"ರಿಟೈರ್ ಆಗೋಕೆ ಆರು ವರ್ಷ ಇದೆ. ಅಷ್ಟ್ರಲ್ಲಿ ಅರವತ್ಮೂರು ಪಹಣಿನೂ ಬದುಕಿರೋರ ಹೆಸ್ರಿಗೆ ಆಗ್ಬೇಕು. ಇಲ್ಲಿವರೆಗೆ ಏಳು ಪಹಣಿ ಆಗಿದೆ. ಅಂಜಮ್ಮಂದು ಮೊದಲು ಮಾಡಿಸ್ದೆ."