ಎಕ್ಕದ ಗಿಡಕ್ಕೆ ಸಿಕ್ಕ ಅನುಮತಿ

ಬಿಬವೇವಾಡಿಯ ನಮ್ಮ ಹೌಸಿಂಗ್ ಸೊಸೈಟಿಯ ನಿಯಮಪುಸ್ತಕದಲ್ಲಿ ತೋಟಕ್ಕೆ ಒಂದೇ ಸಾಲು: ಹುಲ್ಲುಹಾಸು ಮತ್ತು ಅಲಂಕಾರದ ಗಿಡಗಳಷ್ಟೇ. ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಎದ್ದ ಎಕ್ಕದ ಗಿಡವನ್ನು ಕೀಳಿಸುವ ವಿಷಯ ಸಭೆಗೆ ಬಂದಿತ್ತು. ಅದರ ಎಲೆಗಳ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳಿದ್ದದ್ದು ನನಗೆ ಮಾತ್ರ ಗೊತ್ತಿತ್ತು. ಇನ್ನು ಕೆಲವು ದಿನ ಬಿಟ್ಟರೆ ಅವು ಚಿಟ್ಟೆಗಳು.

ನಿಯಮ ಬದಲಿಸಿ, ಈ ನೆಲದ ಗಿಡಗಳಿಗೂ ಜಾಗ ಕೊಡಿ ಎಂದು ಮರಾಠಿಯಲ್ಲಿ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತಾಗ, ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ನಿಂತಂತೆ, ಕೈಗಳು ಚೀಟಿಯ ಸಮೇತ ಬೆನ್ನ ಹಿಂದೆ ಹೋದವು. "ಬೋಲಾ, ವಹಿನಿ", ಹೇಳಿ ಅತ್ತಿಗೆ, ಎಂದರು ಕಾರ್ಯದರ್ಶಿಗಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: ಅದು ಮಾರುತಿಯ ಗಿಡ.

ಶನಿವಾರ ಮಾರುತಿಗೆ ಎಕ್ಕದೆಲೆಯ ಮಾಲೆ ಹಾಕುವ ಊರು ಇದು. ಯಾರೂ ಎದುರಾಡಲಿಲ್ಲ. ‘ಪೂಜೆಗೆ ಬರುವ ಗಿಡಗಳೂ ಇರಬಹುದು’ ಎಂಬ ಸಾಲು ನಿಯಮಕ್ಕೆ ಸೇರಿತು. ಗೆದ್ದೆ ಅಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ಸಂದೇಶ: ನಾಳೆ ಎಲೆ ಹೊರಗೆ ಕೊಳ್ಳಬೇಡಿ, ನಮ್ಮ ಗಿಡದಲ್ಲೇ ಕಿತ್ತುಕೊಳ್ಳಿ. ಹುಳಗಳನ್ನು ನಾನೇ ಹಿಡಿದುಕೊಟ್ಟಂತಾಯಿತಲ್ಲ.

ಬೆಳಗ್ಗೆ ಚಹಾ ಕೂಡ ಇಡದೆ ಕೆಳಗೆ ಓಡಿದೆ. ಮೊದಲ ಮಹಡಿಯ ವಿಜಯಪುರದ ಅಜ್ಜಿ ಆಗಲೇ ಬುಟ್ಟಿ ಹಿಡಿದು ಗಿಡದ ಹತ್ತಿರ ನಿಂತಿದ್ದರು.

"ಯಾಕವ್ವಾ, ಹಿಂಗ್ಯಾಕ ಓಡಿ ಬಂದಿ? ಕಳವು ಮಾಡಾಕ ಬಂದಿಲ್ಲ ನಾ."

"ಅಜ್ಜೀ, ಎಲಿ ಹೊಳ್ಳಿಸಿ ನೋಡ್ರಿ."

ಹೊರಳಿಸಿದರು. ಹುಳವೊಂದು ತಲೆಯೆತ್ತಿತು. ಅಜ್ಜಿ ಚಟ್ಟನೆ ಕೈ ಎಳೆದುಕೊಂಡರು.

"ಅಯ್ಯ! ಹುಳಾ ತಿಂದ ಎಲಿ ದೇವರಿಗೆ ನಡಿಯಂಗಿಲ್ಲ. ಇದೆಂಥಾ ಪೂಜಾದ ಗಿಡಾ? ಸೆಕ್ರೆಟರಿಗೆ ಹೇಳ್ತೀನಿ ತಡಿ."

ಅವರು ಹೇಳಿದರೆ ಸಾಕು, ಗಿಡ ಬುಡಸಮೇತ ಹೋಗುತ್ತದೆ.

"ಬ್ಯಾಡ್ರಿ. ನಾನ ಹೋಗಿ ಹೇಳ್ತೀನ್ರಿ."

"ನೀನಾ? ಅವತ್ತ ಸಭಾದಾಗ ಒಂದ್ ಮಾತಿಗೇ ಬೆವತು ಹೋಗಿದ್ದಿ!"

ಕಾರ್ಯದರ್ಶಿಗಳು ಬಾಗಿಲು ತೆರೆದಾಗ ಅರ್ಧ ಮುಖದ ಮೇಲೆ ಸೋಪಿನ ನೊರೆ ಇತ್ತು. ಅವರು ಏನೆಂದು ಕೇಳುವ ಮೊದಲೇ ಹೇಳಿಬಿಟ್ಟೆ: ಮಾರುತಿಯ ಹೆಸರು ಹೇಳಿದ್ದು ಭಯದಿಂದ, ಗಿಡ ಬೇಕಾಗಿರುವುದು ಹುಳಗಳಿಗೆ.

"ಈಗ ಹುಳಗಳಿಗೂ ನಿಯಮ ಮಾಡಬೇಕಾ, ವಹಿನಿ?" ಎಂದರು ಮರಾಠಿಯಲ್ಲಿ. ನಗುತ್ತಿದ್ದರೋ ಸಿಟ್ಟಾಗಿದ್ದರೋ, ನೊರೆಯಲ್ಲಿ ತಿಳಿಯಲಿಲ್ಲ.

"ಹೌದು," ಎಂದೆ.

ಮುಂದಿನ ತಿಂಗಳ ಸಭೆಯಲ್ಲಿ ನಾನೇ ಅದನ್ನು ಎಲ್ಲರ ಮುಂದೆ ಇಡಬೇಕೆಂದೂ, ಅಲ್ಲಿಯವರೆಗೆ ಗಿಡವನ್ನು ಯಾರೂ ಮುಟ್ಟಬಾರದೆಂದು ತಾವು ಗ್ರೂಪಿಗೆ ಹಾಕುವುದಾಗಿಯೂ ಹೇಳಿ ಬಾಗಿಲು ಮುಚ್ಚಿದರು. ಹುಳಗಳು ಚಿಟ್ಟೆಗಳಾಗಲು ಅಷ್ಟು ದಿನ ಸಾಕು. ಮತ್ತೊಮ್ಮೆ ಅಷ್ಟು ಜನರೆದುರು ನಿಲ್ಲಬೇಕಲ್ಲ ಎಂದು ನೆನೆದು, ಕೆಳಗಿಳಿಯುವಾಗ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.