ನುಕಾಗಾ ಅವರ ಅನುಭವದ ಪಟ್ಟಿ

ಕಾಮಾತಾ ಬಡಾವಣೆಯ ಗುತ್ತಿಗೆ ಪ್ರೋಗ್ರಾಮರುಗಳಲ್ಲಿ ಐವತ್ತಮೂರರ ನುಕಾಗಾ ಅವರಷ್ಟು ಸಲ ಹೊಸದಾಗಿ ಅಕ್ಷರಾಭ್ಯಾಸ ಮಾಡಿಸಿಕೊಂಡವರು ಇನ್ನೊಬ್ಬರಿಲ್ಲ. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಗೆ ಕೆಲಸ ಕಡಿಮೆಯಾದಾಗ ಜಾವಾ ಕಲಿತರು. ಈಗ ಒಳ್ಳೆಯ ಗುತ್ತಿಗೆಗಳೆಲ್ಲ ಪೈಥಾನ್ ಬಲ್ಲವರಿಗೇ ಹೋಗುತ್ತಿವೆಯೆಂದು ತಿಳಿದದ್ದೇ ತಡ, ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಿದರು. ಓದುವುದೆಲ್ಲ ನಿಂತೇ, ಕೂತರೆ ನಿದ್ದೆ ಬರುತ್ತದೆಂದು ಖಾಲಿ ಸೀಟನ್ನು ಶತ್ರುವಿನಂತೆ ನೋಡುತ್ತಾರೆ. ಅನ್ನದುಂಡೆ ತಿನ್ನುವಾಗಲೂ ಎಡಗೈ ಬೆರಳುಗಳು ತೊಡೆಯ ಮೇಲೆ ಟೈಪು ಮಾಡುತ್ತಿರುತ್ತವೆ. ಮೊನ್ನೆ, ಕೆಲಸ ಹುಡುಕಿಕೊಡುವ ಏಜೆಂಟ್ ಹೊಶಿನಾ, ನುಕಾಗಾ ಅವರ ಅನುಭವದ ಪಟ್ಟಿ ತಿದ್ದುತ್ತ, "ಪೈಥಾನ್ ಮೂರು ತಿಂಗಳು ಅಂದ್ರೆ ಯಾರೂ ಸಂದರ್ಶನಕ್ಕೇ ಕರೆಯಲ್ಲ ಸಾರ್, ಒಂದು ವರ್ಷ ಅಂತ ಹಾಕೋಣ," ಎಂದಳು. "ಮೂರು ತಿಂಗಳು ಹನ್ನೆರಡು ದಿನ ಅಂತ ಹಾಕಮ್ಮ. ಹನ್ನೆರಡು ದಿನ ಯಾಕೆ ಬಿಡ್ಬೇಕು?" ಎಂದರು ಇವರು. ಯಾವ ಭಾಷೆ ಕಲಿತರೂ ಅವರು ಮೊದಲು ಬರೆಯುವುದು ಒಂದೇ ಪ್ರೋಗ್ರಾಮು, ಹದಿನೈದನೇ ವಯಸ್ಸಿನಲ್ಲಿ ಅಮ್ಮನ ತೋಫು ಅಂಗಡಿಗೆಂದು ಬರೆದದ್ದು. ವಾರ, ಮಳೆ, ಚಳಿ ನೋಡಿ ನಾಳೆಯ ತೋಫುವಿಗೆ ಎಷ್ಟು ಸೋಯಾಕಾಳು ನೆನೆಹಾಕಬೇಕೆಂದು ಅದು ಹೇಳುತ್ತದೆ. ಪಟ್ಟಿಯ ಕೊನೆಯ ಸಾಲಿನಲ್ಲಿ ಅದೂ ಇತ್ತು: ಗ್ರಾಹಕರು ಅಮ್ಮ, ಅವಧಿ ಮೂವತ್ತೆಂಟು ವರ್ಷ, ಮುಂದುವರಿದಿದೆ. "ಅಂಗಡಿ ಮುಚ್ಚಿ ಒಂಬತ್ತು ವರ್ಷ ಆಯ್ತು ಅಂದಿದ್ರಲ್ಲ ಸಾರ್, ಇದನ್ನ ತೆಗೆದುಬಿಡ್ಲಾ?" ಎಂದಳು ಹೊಶಿನಾ. ನುಕಾಗಾ ಪುಸ್ತಕ ಮುಚ್ಚಿದರು. "ಮುಚ್ಚಿದ್ದು ಅಮ್ಮಂಗೆ ನೆನಪಿಲ್ಲಮ್ಮ. ನಾಳೆಗೆ ಎಷ್ಟು ನೆನೆಹಾಕ್ಲಿ ಅಂತ ದಿನಾ ಸಂಜೆ ಕೇಳ್ತಾಳೆ. ಮೂರು ತಿಂಗಳು ಹನ್ನೆರಡು ದಿನದಿಂದ ಪೈಥಾನಲ್ಲೇ ಉತ್ತರ ಕೊಡ್ತಿದೀನಿ."